ಗುಲಾಲು ಒಣಗಿತು, ಮೊದಲ ಸಭೆ ಮಾತ್ರ ಬರಲಿಲ್ಲ

2018ರ ಸೆಪ್ಟೆಂಬರ್ 3. ನಿಪ್ಪಾಣಿ ನಗರಸಭೆ, ಚಿಕ್ಕೋಡಿ, ಸದಲಗಾ, ಕುಡಚಿ ಪುರಸಭೆಗಳ ಮತ ಎಣಿಕೆಯ ದಿನ. ಗೆದ್ದವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು, ಗುಲಾಲು ಹಾರಿಸಿದರು, ಹಲಗಿ ಬಾರಿಸಿದರು. ಮನೆ ಮನೆಗೆ ಪೇಡೆ ಹೋಯಿತು.

ಆಮೇಲೆ ಏನಾಯಿತು? ಏನೂ ಆಗಲಿಲ್ಲ.

ಅಧ್ಯಕ್ಷರಿಲ್ಲ, ಉಪಾಧ್ಯಕ್ಷರಿಲ್ಲ, ಸಭೆಯಿಲ್ಲ. ಸದಸ್ಯರ ಕೈಯಲ್ಲಿ ಗೆದ್ದ ಪ್ರಮಾಣಪತ್ರ ಒಂದೇ. ಅಧ್ಯಕ್ಷರ ಆಯ್ಕೆ ನಡೆದದ್ದು 2020ರ ಅಕ್ಟೋಬರ್-ನವೆಂಬರ್ ಹೊತ್ತಿಗೆ. ಅಂದರೆ ಎರಡು ವರ್ಷ ದಾಟಿತ್ತು. ಎಣಿಕೆಯ ದಿನ ಹುಟ್ಟಿದ ಕೂಸು ಅಷ್ಟರಲ್ಲಿ ಓಣಿ ತುಂಬ ಓಡಾಡಿ ಮಾತಾಡುತ್ತಿತ್ತು.

ಹಳೇ ಕತೆ ಈಗ ಯಾಕೆ ತೆಗೆದಿರಿ ಎಂದು ನೀವು ಕೇಳಬಹುದು. ಇದು ಒಂದು ಸಲ ಆಗಿ ಮುಗಿದ ಕತೆಯಾಗಿದ್ದರೆ ನಾವೂ ಬಿಡುತ್ತಿದ್ದೆವು. ಆದರೆ ಇದೇ ರೂಢಿಯಾಗುತ್ತಿದೆ.

2021ರ ಡಿಸೆಂಬರ್ 27ರಂದು ಅಥಣಿ, ಉಗಾರ ಖುರ್ದ, ಹಾರೂಗೇರಿ, ಮುಗಳಖೋಡ ಪುರಸಭೆಗಳಿಗೂ, ಐನಾಪುರ, ಶೇಡಬಾಳ, ಚಿಂಚಲಿ, ಕಂಕಣವಾಡಿ, ಯಕ್ಸಂಬಾ, ಬೋರಗಾಂವ ಪಟ್ಟಣ ಪಂಚಾಯಿತಿಗಳಿಗೂ ಮತದಾನವಾಯಿತು. ಡಿಸೆಂಬರ್ 30ಕ್ಕೆ ಫಲಿತಾಂಶ ಬಂತು. ಅಧ್ಯಕ್ಷ-ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಬೆರಳು ಮಡಚಿ ಎಣಿಸಿ ನೋಡಿ: 31 ತಿಂಗಳು. ನಮ್ಮ ರಾಜ್ಯದಲ್ಲಿ ಒಬ್ಬ ಅಧ್ಯಕ್ಷರ ಪೂರ್ತಿ ಅವಧಿಯೇ 30 ತಿಂಗಳು. ಒಂದು ಇಡೀ ಅವಧಿಯಷ್ಟು ಕಾಲ ಕಾಯುವುದರಲ್ಲೇ ಹೋಯಿತು.

ಜಿಲ್ಲಾ ಕೇಂದ್ರದ ಕತೆಯೂ ಬೇರೆಯಲ್ಲ. ಬೆಳಗಾವಿ ಮಹಾನಗರ ಪಾಲಿಕೆಯ 58 ವಾರ್ಡುಗಳ ಫಲಿತಾಂಶ ಬಂದದ್ದು 2021ರ ಸೆಪ್ಟೆಂಬರ್ 6ರಂದು. ಸದಸ್ಯರು ಪ್ರಮಾಣವಚನ ಸ್ವೀಕರಿಸಿ, ಮೇಯರ್ ಆಗಿ ಶೋಭಾ ಸೋಮನಾಚೆ ಅವರನ್ನು ಆರಿಸಿದ್ದು 2023ರ ಫೆಬ್ರವರಿ 6ರಂದು. ಸರಿಯಾಗಿ 17 ತಿಂಗಳು. ಅದೇ ಸಲ ಚುನಾವಣೆ ಕಂಡ ಕಲಬುರಗಿಗೆ ಮೇಯರ್ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ.

ನಿಪ್ಪಾಣಿ, ಚಿಕ್ಕೋಡಿಯ ಲೆಕ್ಕ ಇನ್ನೂ ಮುಗಿದಿಲ್ಲ. 2020ರ ಕೊನೆಗೆ ಬಂದ ಅಧ್ಯಕ್ಷರ 30 ತಿಂಗಳು 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿಗೂ 2024ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಒಟ್ಟು ಹಿಡಿದರೆ 2018ರ ಸೆಪ್ಟೆಂಬರ್‌ನಿಂದ ಸುಮಾರು 72 ತಿಂಗಳಲ್ಲಿ 30 ತಿಂಗಳು ಮಾತ್ರ ಆರಿಸಿ ಬಂದ ಅಧ್ಯಕ್ಷರು ಇದ್ದರು. ಉಳಿದ 42 ತಿಂಗಳು ಅಧ್ಯಕ್ಷರ ಕುರ್ಚಿ ಖಾಲಿ, ಆಡಳಿತ ಅಧಿಕಾರಿಗಳ ಕೈಯಲ್ಲಿ.

ಓಟು ಹಾಕಿದವರು ನಾವು. ಆಳಿದವರು ನಾವು ಆರಿಸದವರು.

ಆ ಖಾಲಿ ತಿಂಗಳುಗಳಲ್ಲಿ ಏನೇನಾಯಿತು, ನೆನಪಿದೆಯಾ?

2019ರ ಆಗಸ್ಟ್. ಕೃಷ್ಣೆ, ದೂಧಗಂಗೆ, ವೇದಗಂಗೆ ಮೂರೂ ಉಕ್ಕಿ ಬಂದವು. ಯಮಗರ್ಣಿ ಹತ್ತಿರ ರಾಷ್ಟ್ರೀಯ ಹೆದ್ದಾರಿ ಬಂದ್ ಆಯಿತು. ದನಕರು ಹೊಡೆದುಕೊಂಡು, ಮುದುಕರನ್ನು ಟ್ರ್ಯಾಕ್ಟರ್‌ನಲ್ಲಿ ಕೂರಿಸಿಕೊಂಡು ಜನ ಗಂಜಿ ಕೇಂದ್ರ ಸೇರಿದರು. ಅದಾಗಿ ಎಂಟು ತಿಂಗಳೂ ಕಳೆದಿರಲಿಲ್ಲ, 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಕುಡಚಿಯನ್ನು ಸೀಲ್‌ಡೌನ್ ಮಾಡಿದರು. ಹಾಲು, ರೇಷನ್, ಔಷಧ ಯಾರು ತರಬೇಕು, ಯಾವ ಓಣಿಗೆ ಮೊದಲು ನೀರು ಬಿಡಬೇಕು ಎಂದು ವಾರ್ಡಿನ ಮನೆ ಮನೆ ಗೊತ್ತಿರುವವರು ಕೂತು ಮಾತಾಡಬೇಕಾದ ಕಾಲ ಅದು. ಅಂಥವರನ್ನು ನಾವು ಆರಿಸಿಯೂ ಇದ್ದೆವು. ಆದರೆ ಅವರಿಗೆ ಕೂರಲು ಸಭೆಯೇ ಇರಲಿಲ್ಲ.

ಅಧಿಕಾರಿಗಳು ದುಡಿಯಲಿಲ್ಲ ಎಂದು ನಾವು ಹೇಳುತ್ತಿಲ್ಲ. ಹಗಲು ರಾತ್ರಿ ದುಡಿದವರು ಇದ್ದರು. ಆದರೆ ಅಧಿಕಾರಿ ಇವತ್ತು ಇಲ್ಲಿ, ನಾಳೆ ಬೀದರಿನಲ್ಲಿ. ಅವರ ತಪ್ಪಿಗೆ ಮುಂದಿನ ಚುನಾವಣೆಯಲ್ಲಿ ನೀವು ಬುದ್ಧಿ ಕಲಿಸಲು ಬರುವುದಿಲ್ಲ. ಸದಸ್ಯ ಹಾಗಲ್ಲ. ಬೆಳಿಗ್ಗೆ ಚಹಾದಂಗಡಿಯಲ್ಲಿ ಸಿಗುತ್ತಾನೆ. ನಳ ಬರದಿದ್ದರೆ ಕೊರಳಪಟ್ಟಿ ಹಿಡಿದು ಕೇಳಬಹುದು. ಆದರೆ ಆ ದಿನಗಳಲ್ಲಿ ಕೇಳಿದವರಿಗೆಲ್ಲ ಸಿಕ್ಕ ಉತ್ತರ ಒಂದೇ: "ಏನ್ ಮಾಡೂದ್ರಿ, ಇನ್ನಾ ನಮ್ಮ ಕೈಯಾಗ ಅಧಿಕಾರಾನ ಬಂದಿಲ್ಲ." ಸುಳ್ಳೂ ಅಲ್ಲ, ಅನುಕೂಲವಾದ ನೆಪವೂ ಹೌದು.

ಇದು ಪೇಟೆಯವರ ವಿಷಯ, ಹಳ್ಳಿಯವರಿಗೆ ಏನು ಎಂದು ಮೊಬೈಲ್ ಕೆಳಗಿಡಬೇಡಿ.

ಮೊದಲನೆಯದು, ಬೋರಗಾಂವ, ಯಕ್ಸಂಬಾ, ಐನಾಪುರ, ಶೇಡಬಾಳ ಇವೆಲ್ಲ ಕೆಲವೇ ವರ್ಷಗಳ ಹಿಂದೆ ಗ್ರಾಮ ಪಂಚಾಯಿತಿಗಳೇ ಆಗಿದ್ದವು. ಈಗಲೂ ಅಲ್ಲಿ ಕಬ್ಬು ಕಡಿಯುತ್ತಾರೆ, ಎಮ್ಮೆ ಕಟ್ಟುತ್ತಾರೆ, ಡೇರಿಗೆ ಹಾಲು ಹಾಕುತ್ತಾರೆ. ಬೋರ್ಡು ಬದಲಾದ ದಿನ ಗ್ರಾಮಸಭೆ ಹೋಯಿತು. ಉದ್ಯೋಗ ಖಾತ್ರಿ ಹೋಯಿತು, ಅದು ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಅದರ ಬದಲಿಗೆ ಸಿಗಬೇಕಿದ್ದದ್ದು ಚುನಾಯಿತ ಪಟ್ಟಣ ಪಂಚಾಯಿತಿ. ಅದಕ್ಕೂ 31 ತಿಂಗಳು ಅಧ್ಯಕ್ಷರಿಲ್ಲ ಎಂದರೆ, ಆ ಜನ ಇದ್ದದ್ದನ್ನೂ ಕಳೆದುಕೊಂಡರು, ಬರಬೇಕಾದದ್ದನ್ನೂ ಕಳೆದುಕೊಂಡರು. ನಾಳೆ ನಿಮ್ಮ ಊರೂ ಮೇಲ್ದರ್ಜೆಗೆ ಏರಬಹುದು. ಏರುವ ಮುಂಚೆ ಇದನ್ನು ಕೇಳಿಕೊಳ್ಳಿ.

ಎರಡನೆಯದು, ನಿಮ್ಮ ವಾರದ ಸಂತೆ, ಮಕ್ಕಳ ಕಾಲೇಜು, ಬಸ್‌ಸ್ಟ್ಯಾಂಡ್, ದವಾಖಾನೆ ಎಲ್ಲ ಇರುವುದು ಇದೇ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿಯಲ್ಲಿ. ಸಂತೆಗೆ ಬಂದ ಹೆಣ್ಣುಮಗಳು ಶೌಚಾಲಯ ಹುಡುಕುತ್ತ ತಿರುಗುವುದು, ಮಳೆಗಾಲದಲ್ಲಿ ಕಾಯಿಪಲ್ಲೆ ಬುಟ್ಟಿ ಕೆಸರಿನಲ್ಲಿ ಇಡುವುದು, ಇವಕ್ಕೆ ಉತ್ತರ ಕೊಡಬೇಕಾದವರು ಆ ಸಭೆಯಲ್ಲಿ ಕೂರುವವರೇ.

ಇನ್ನು ತಡ ಯಾಕಾಯಿತು ಎಂಬ ಪ್ರಶ್ನೆ. ಸರ್ಕಾರದ ಉತ್ತರ ಯಾವಾಗಲೂ ಒಂದೇ: ಮೀಸಲಾತಿ ಪಟ್ಟಿಯ ವಿಷಯ ಕೋರ್ಟಿನಲ್ಲಿದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇವೆ. ನಮ್ಮ ಜಗಳ ಮೀಸಲಾತಿಯ ಜೊತೆ ಇಲ್ಲ. ಪರಿಶಿಷ್ಟ ಜಾತಿಯ ಹೆಣ್ಣುಮಗಳು ಊರಿನ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂರುವುದು ಮೀಸಲಾತಿಯಿಂದಲೇ. ನಮ್ಮ ಜಗಳ ಪಟ್ಟಿ ಹೊರಬರುವ ಹೊತ್ತಿನ ಬಗ್ಗೆ. ಯಾವ ಊರಿನಲ್ಲಿ ಯಾವ ಪಕ್ಷ ಗೆದ್ದಿದೆ, ಯಾವ ಜಾತಿಯ ಯಾವ ಸದಸ್ಯ ಯಾರ ಕಡೆ ಇದ್ದಾನೆ ಎಂದು ಜಗತ್ತಿಗೆಲ್ಲ ಗೊತ್ತಾದ ಮೇಲೆ ಪಟ್ಟಿ ಬರುತ್ತದೆ. ಆಗ ಪಟ್ಟಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ಸೋತ ಬಣಕ್ಕೆ ಅನುಮಾನ ಬಂದೇ ಬರುತ್ತದೆ. ಅನುಮಾನ ಬಂದವರು ಹೈಕೋರ್ಟಿಗೆ ಹೋಗುತ್ತಾರೆ. ಅಲ್ಲಿಂದ ತಾರೀಕಿನ ಮೇಲೆ ತಾರೀಕು. ಆ ತಡದಿಂದ ಮೊದಲು ಕೆಡುವುದು ಮೀಸಲು ಸ್ಥಾನದಿಂದ ಬಂದವರೇ. ನಮ್ಮ ನಗರ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಇದೆ. ಮೊದಲ ಸಲ ಗೆದ್ದು ಬಂದ ಹೆಣ್ಣುಮಗಳಿಗೆ ಎರಡೂವರೆ ವರ್ಷ ಕೆಲಸವೇ ಕೊಡದೆ, ಆಮೇಲೆ "ಅವರಿಗೇನು ಗೊತ್ತಾಗ್ತದ" ಎನ್ನುವುದು ಎಲ್ಲಿಯ ನ್ಯಾಯ?

ಇದರಲ್ಲಿ ಯಾವ ಪಕ್ಷವೂ ಮುಖ ತೊಳೆದುಕೊಂಡು ಬರಲು ಆಗುವುದಿಲ್ಲ. 2018ರಲ್ಲಿ ಇದ್ದದ್ದು ಜೆಡಿಎಸ್-ಕಾಂಗ್ರೆಸ್ ಮೈತ್ರಿ ಸರ್ಕಾರ. 2019ರಿಂದ 2023ರವರೆಗೆ ಬಿಜೆಪಿ. ಆಮೇಲೆ ಕಾಂಗ್ರೆಸ್. ಮೂರೂ ಸರ್ಕಾರಗಳ ಕಾಲದಲ್ಲಿ ಕುರ್ಚಿ ಖಾಲಿ ಇತ್ತು. ಖಾಲಿ ಇದ್ದಷ್ಟು ದಿನ ಯಾರಿಗೆ ಅನುಕೂಲ? ಊರಿನ ಕೆಲಸಕ್ಕೆ ಎದುರಾಡುವ ಸಭೆ ಇಲ್ಲದಿದ್ದರೆ ಶಾಸಕರ ಮಾತೇ ಠರಾವು, ಅಧಿಕಾರಿಯ ಸಹಿಯೇ ತೀರ್ಮಾನ. ಕೊನೆಗೂ ಅಧ್ಯಕ್ಷರ ಆಯ್ಕೆ ಬಂದಾಗ ಅಲ್ಲಿ ಶಾಸಕರಿಗೂ ಸಂಸದರಿಗೂ ಒಂದೊಂದು ಓಟು ಇರುತ್ತದೆ. ಆ ಓಟು ಹಾಕಲು ಅವರು ತಪ್ಪದೆ ಬರುತ್ತಾರೆ. ಸಭೆ ಯಾಕೆ ಕರೆದಿಲ್ಲ ಎಂದು ವಿಧಾನಸೌಧದಲ್ಲಿ ಅಷ್ಟೇ ತಪ್ಪದೆ ಕೇಳಿದ್ದರೆ ಇಷ್ಟು ದಿನ ಹಿಡಿಯುತ್ತಿರಲಿಲ್ಲ.

ಕೋರ್ಟು, ಪಟ್ಟಿ, ಕಾನೂನು ಇದ್ದರೆ ತಡ ಆಗಲೇಬೇಕಾ? ಇಲ್ಲ. ಸಾಕ್ಷಿ ನಿಮ್ಮ ಊರಿನಲ್ಲೇ ಇದೆ. 2020ರ ಡಿಸೆಂಬರ್‌ನಲ್ಲಿ, ಕೊರೊನಾದ ನಡುವೆಯೇ, ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಡಿಸೆಂಬರ್ 30ಕ್ಕೆ ಎಣಿಕೆ. ಜನವರಿಯಲ್ಲಿ ಜಿಲ್ಲಾಧಿಕಾರಿಗಳು ತಾಲೂಕಿಗೆ ಬಂದು, ಗೆದ್ದ ಸದಸ್ಯರನ್ನೆಲ್ಲ ಎದುರಿಗೆ ಕೂರಿಸಿಕೊಂಡು, ಯಾವ ಪಂಚಾಯಿತಿಗೆ ಯಾವ ಮೀಸಲಾತಿ ಎಂದು ಘೋಷಿಸಿದರು. ಜನವರಿ ಕೊನೆ, ಫೆಬ್ರವರಿ ಹೊತ್ತಿಗೆ ಅಧ್ಯಕ್ಷರು ಕುರ್ಚಿಯಲ್ಲಿದ್ದರು. ರಾಜ್ಯದ ಸಾವಿರಾರು ಪಂಚಾಯಿತಿಗಳಿಗೆ ಒಂದೂವರೆ-ಎರಡು ತಿಂಗಳು ಸಾಕಾಯಿತು. ಹತ್ತಿಪ್ಪತ್ತು ಸದಸ್ಯರ ಪಟ್ಟಣ ಪಂಚಾಯಿತಿಗೆ 31 ತಿಂಗಳು ಯಾಕೆ ಬೇಕು?

ಗಡಿ ದಾಟಿ ನೋಡಿ. ನಿಪ್ಪಾಣಿಯಿಂದ ಕಾಗಲಕ್ಕೆ ಎಷ್ಟು ದೂರ ಎಂದು ನಿಮಗೇ ಗೊತ್ತು. ಅಲ್ಲಿ ನಗರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸುತ್ತಾರೆ. ಅಧ್ಯಕ್ಷ ಸ್ಥಾನದ ಮೀಸಲಾತಿ ಚುನಾವಣೆಗೆ ಮೊದಲೇ ಗೊತ್ತಿರುತ್ತದೆ, ಇಲ್ಲದಿದ್ದರೆ ಅರ್ಜಿ ಹಾಕುವುದು ಹೇಗೆ? ಮಹಾರಾಷ್ಟ್ರದಲ್ಲಿ ಎಲ್ಲ ಸರಿ ಇದೆ ಎಂದು ನಾವು ಹೊಗಳುತ್ತಿಲ್ಲ. ಕೊಲ್ಹಾಪುರ ಪಾಲಿಕೆಯ ಅವಧಿ 2020ರ ನವೆಂಬರ್‌ನಲ್ಲಿ ಮುಗಿದು, ಮತದಾನ ಬಂದದ್ದು 2026ರ ಜನವರಿಯಲ್ಲಿ. ಅವರು ಚುನಾವಣೆಯನ್ನೇ ನಡೆಸದೆ ಜನರನ್ನು ಕಾಯಿಸಿದರು. ನಮ್ಮವರು ಚುನಾವಣೆ ನಡೆಸಿಯೂ ಕಾಯಿಸಿದರು.

ಸಂವಿಧಾನ ಇದರ ಬಗ್ಗೆ ಏನು ಹೇಳುತ್ತದೆ? 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರ 243-ಯು ವಿಧಿಯ ಪ್ರಕಾರ ನಗರ ಸಂಸ್ಥೆಯ ಅವಧಿ ಐದು ವರ್ಷ. ಆ ಐದು ವರ್ಷ ಎಣಿಸುವುದು ಮೊದಲ ಸಭೆಗೆ ಗೊತ್ತು ಮಾಡಿದ ದಿನದಿಂದ. ಐದು ವರ್ಷದ ಆಚೆಗೆ ಒಂದು ದಿನವೂ ಇಲ್ಲ ಎಂದು ಬರೆದವರು, ಮೊದಲ ಸಭೆಯನ್ನೇ ಮುಂದಕ್ಕೆ ತಳ್ಳುತ್ತಾರೆ ಎಂದು ಊಹಿಸಿರಲಿಕ್ಕಿಲ್ಲ. ನಮ್ಮವರು ಆ ಸಂದಿಯನ್ನೇ ಬಾಗಿಲು ಮಾಡಿಕೊಂಡರು.

ಈಗ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ನಾವು ಪತ್ರಿಕೋದ್ಯಮ ಓದಿದವರು. ಫಲಿತಾಂಶದ ದಿನ ಎಣಿಕೆ ಕೇಂದ್ರದ ಮುಂದೆ ನಮ್ಮವರೂ ಮೊಬೈಲ್ ಹಿಡಿದು ನಿಂತಿದ್ದರು. ಅಧ್ಯಕ್ಷರ ಆಯ್ಕೆಯ ದಿನ ಮಾಲೆ, ಶಾಲು, ಪೇಟದ ಫೋಟೊ ನಾವೂ ಹಾಕಿದೆವು. ಸದಸ್ಯರನ್ನು ಯಾವ ರೆಸಾರ್ಟಿಗೆ ಒಯ್ದರು ಎಂಬುದು ನಮಗೂ ರುಚಿಯ ಸುದ್ದಿಯಾಗಿತ್ತು. ನಡುವಿನ ಖಾಲಿ ತಿಂಗಳುಗಳ ಬಗ್ಗೆ ತಿಂಗಳಿಗೊಂದು ಸಾಲಾದರೂ ಬರೆಯಬೇಕಿತ್ತು, ಬರೆಯಲಿಲ್ಲ. ನಡೆದ ಸಭೆ ಸುದ್ದಿ, ನಡೆಯದ ಸಭೆ ಸುದ್ದಿಯಲ್ಲ ಎಂದುಕೊಂಡೆವು. ಅದು ತಪ್ಪು.

ನಾವು ಕೇಳುವುದು ಮೂರೇ ಮಾತು.

ಒಂದು: ಅಧ್ಯಕ್ಷ-ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ, ಎರಡೂ ಅವಧಿಗಳದ್ದು, ಮತದಾನಕ್ಕೆ ಮೊದಲೇ ಹೊರಬರಲಿ. ತಕರಾರು ಇದ್ದವರು ಆಗಲೇ ಕೋರ್ಟಿಗೆ ಹೋಗಲಿ.

ಎರಡು: ಫಲಿತಾಂಶ ಬಂದ 30 ದಿನದೊಳಗೆ ಪ್ರಮಾಣವಚನ ಮತ್ತು ಮೊದಲ ಸಭೆ ಆಗಲೇಬೇಕು. ಆ ದಿನಾಂಕ ಗೊತ್ತು ಮಾಡುವ ಅಧಿಕಾರ ಸರ್ಕಾರದ ಕೈಯಿಂದ ತೆಗೆದು ಚುನಾವಣಾ ಆಯೋಗಕ್ಕೆ ಕೊಡಿ.

ಮೂರು: ಅಧ್ಯಕ್ಷರ ಆಯ್ಕೆ ತಡವಾದರೂ ಸದಸ್ಯರ ಸಭೆ ನಿಲ್ಲಬಾರದು. ಗೆದ್ದವರೆಲ್ಲ ತಿಂಗಳಿಗೊಮ್ಮೆ ಕೂತು ನೀರು, ಗಟಾರು, ದೀಪದ ಲೆಕ್ಕ ಕೇಳುವಂತಿರಲಿ.

ನೀವು ಮಾಡಬಹುದಾದದ್ದೂ ಇದೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ನಿಮ್ಮ ಪುರಸಭೆಯಲ್ಲೋ ಪಟ್ಟಣ ಪಂಚಾಯಿತಿಯಲ್ಲೋ ಕಳೆದ ಒಂದು ವರ್ಷ ಎಷ್ಟು ಸಾಮಾನ್ಯ ಸಭೆ ನಡೆದವು, ಯಾರ್‍ಯಾರು ಬಂದಿದ್ದರು, ಏನೇನು ಠರಾವು ಆಯಿತು ಎಂದು ಕೇಳಿ. ಉತ್ತರ ಬಂದರೆ ಫೋಟೊ ಹೊಡೆದು ನಿಮ್ಮ ಊರಿನ ಗ್ರೂಪಿಗೆ ಹಾಕಿ, ನಮಗೂ ಕಳಿಸಿ. ನಾವು ಒಂದೊಂದನ್ನೂ ಪ್ರಕಟಿಸುತ್ತೇವೆ. ಉತ್ತರ ಬರದಿದ್ದರೆ ಅದನ್ನೂ ಪ್ರಕಟಿಸುತ್ತೇವೆ.

ಮುಂದಿನ ಸಲವೂ ಎಣಿಕೆಯ ದಿನ ಗುಲಾಲು ಹಾರುತ್ತದೆ, ಹಲಗಿ ಸದ್ದು ಕೇಳುತ್ತದೆ. ಹಾರಲಿ, ಅದು ನಮ್ಮ ಸಂತೋಷ. ಆದರೆ ಗೆದ್ದವನನ್ನು ಎತ್ತಿಕೊಳ್ಳುವ ಮುಂಚೆ ಒಂದು ಮಾತು ಕೇಳಿ: "ಮೊದಲ ಸಭೆ ಯಾವತ್ತಪಾ?" ತಾರೀಕು ಹೇಳಿದ ಮೇಲೆ ಹೆಗಲು ಕೊಡಿ.