ಮೊದಲು ಸಂತೆ, ಆಮೇಲೆ ಮೊಬೈಲ್

"ಅಂಗಡಿ ಹಾಕಿದ್ರೆ ಬಾಡಿಗೆ, ಅಡ್ವಾನ್ಸ್, ಕರೆಂಟ್ ಬಿಲ್ಲು. ಆನ್‌ಲೈನ್ ಆದ್ರೆ ಮೊಬೈಲ್ ಒಂದಿದ್ರೆ ಸಾಕು." ಹೊಸದಾಗಿ ಸಾವಯವ ಕೃಷಿಗೆ ಇಳಿದ ಗೆಳೆಯರಿಂದ ಈ ಮಾತು ಕೇಳುತ್ತಲೇ ಇರುತ್ತೇನೆ. ಮಂಡಿಯಲ್ಲಿ ಯಾರೋ ಕೂಗಿದ ರೇಟಿಗೆ ಮಾಲು ಬಿಟ್ಟು ಬರುವವರ ಬೇಸರ ಅರ್ಥವಾಗುತ್ತೆ. ಆದರೆ ಆನ್‌ಲೈನ್ ಅಂಗಡಿಗೂ ಬಾಡಿಗೆ ಇದೆ. ಅದನ್ನು ತಿಂಗಳಿಗೊಮ್ಮೆ ಕಟ್ಟುವ ಬದಲು ಪ್ರತಿ ಪಾರ್ಸೆಲ್ ಮೇಲೂ ಕಟ್ಟುತ್ತೀರಿ, ಅಷ್ಟೇ.

ಕೊರಿಯರ್ ಲೆಕ್ಕ ನೋಡಿ. ಅವರು ತಕ್ಕಡಿ ತೂಕ ಮಾತ್ರ ನೋಡಲ್ಲ, ಡಬ್ಬದ ಗಾತ್ರವನ್ನೂ ತೂಕ ಮಾಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಮೂರೂ ಕಡೆ 30 ಸೆಂ.ಮೀ. ಇರುವ ಡಬ್ಬಕ್ಕೆ 5.4 ಕೆ.ಜಿ. ಅಂತ ಲೆಕ್ಕ. ಒಳಗೆ 2 ಕೆ.ಜಿ. ಬಾಳೆಕಾಯಿ ಚಿಪ್ಸ್ ಇದ್ದರೂ ಅಷ್ಟೇ ಕಟ್ಟಬೇಕು. ಅದೇ 2 ಕೆ.ಜಿ. ಅರಿಶಿನ ಪುಡಿ ಇದರ ಕಾಲು ಭಾಗದ ಡಬ್ಬದಲ್ಲಿ ಹಿಡಿಯುತ್ತೆ.

ಇನ್ನು ಹಸಿ ಮಾಲು. ಕೊಯ್ದ ಮೇಲೂ ಸೊಪ್ಪು, ಹಣ್ಣು ಉಸಿರಾಡುತ್ತಲೇ ಇರುತ್ತವೆ. ಮುಚ್ಚಿದ ಡಬ್ಬದಲ್ಲಿ ಬಿಸಿ, ತೇವ ಸೇರಿ ಬೇಗ ಕೊಳೆಯುತ್ತವೆ. ಸಪೋಟ, ಬಾಳೆ, ಮಾವು ಬಿಡುವ ಎಥಿಲೀನ್ ಅನಿಲ ಪಕ್ಕದ ಹಣ್ಣನ್ನೂ ಮಾಗಿಸುತ್ತೆ. ಪಾರ್ಸೆಲ್ ಒಂದು ದಿನ ತಡವಾದರೆ ಗಿರಾಕಿ ಫೋಟೊ ಕಳಿಸುತ್ತಾರೆ, ನೀವು ದುಡ್ಡು ವಾಪಸ್ ಕೊಡುತ್ತೀರಿ. ಸಂತೆಯಲ್ಲಾದರೆ ಸಂಜೆ ಉಳಿದ ಸೊಪ್ಪನ್ನು ಕಡಿಮೆ ರೇಟಿಗಾದರೂ ಕೊಟ್ಟು ಬರಬಹುದು.

ಹಾಗಂತ ಸಂತೆಯೇನು ಪುಕ್ಕಟೆ ಅಲ್ಲ. ಆಟೋ ಬಾಡಿಗೆ, ಸುಂಕ, ಬಿಸಿಲು, ಮಳೆ, ಜೊತೆಗೆ ನಿಮ್ಮ ಒಂದಿಡೀ ದಿನ. ಗಿರಾಕಿಗಳೂ ಸುತ್ತಮುತ್ತಲಿನವರೇ. ಮಲೆನಾಡಿನ ಕಾಳುಮೆಣಸನ್ನು ಬೆಂಗಳೂರಿನ ಮನೆಗೆ ನೀವೇ ಹೇಳಿದ ರೇಟಿಗೆ ತಲುಪಿಸೋಕೆ ಆನ್‌ಲೈನ್ ಬೇಕೇ ಬೇಕು. ಆದ್ದರಿಂದ ಎರಡರಲ್ಲಿ ಯಾವುದು ಮೇಲು ಅನ್ನೋದಕ್ಕಿಂತ ಯಾವುದು ಮೊದಲು ಅಂತ ಕೇಳಿಕೊಳ್ಳಿ. ಮೊದಲು ಸಂತೆ ಅಂತ ನಾನು ಹೇಳೋಕೆ ಕಾರಣ ಒಂದೇ: ಗಿರಾಕಿಯ ನಂಬರ್ ಯಾರ ಹತ್ತಿರ ಇದೆ?

ಮಧ್ಯವರ್ತಿ ಬೇಡ ಅನ್ನೋದು ಇವತ್ತಿನ ಕೂಗಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಹಾಪ್‌ಕಾಮ್ಸ್ ಶುರುವಾಗಿದ್ದೂ ಬೆಳೆಗಾರರನ್ನು ಅವರಿಂದ ಬಿಡಿಸೋಕೆ. ಮಂಡಿಯಲ್ಲಿ ಕೊಳ್ಳುವವರ ಪರಿಚಯ ಇರೋದು ದಲ್ಲಾಳಿಗೆ. ದೊಡ್ಡ ಶಾಪಿಂಗ್ ಆ್ಯಪ್‌ನಲ್ಲಿ ಗಿರಾಕಿ ಆ್ಯಪ್‌ನವರಿಗೆ ಸೇರಿದವರು. ಕಮಿಷನ್ ಏರಿಸಿದರೂ, ನಿಮ್ಮ ಮಾಲನ್ನು ಪಟ್ಟಿಯ ಕೆಳಗೆ ತಳ್ಳಿದರೂ ನೀವು ಸುಮ್ಮನಿರಬೇಕು. ಹೆಸರು ಬದಲಾಯಿತು, ದಲ್ಲಾಳಿ ಉಳಿದ. ಮೇಲಾಗಿ ಅಲ್ಲಿ ನಿಮ್ಮ ಜೇನಿನ ಬಾಟಲಿ ಪಕ್ಕ ಇಪ್ಪತ್ತು ಬಾಟಲಿ. ಎಲ್ಲದರ ಮೇಲೂ "ಆರ್ಗ್ಯಾನಿಕ್". ಜನ ರೇಟು ನೋಡಿ ಆರಿಸುತ್ತಾರೆ. ರೇಟಿನ ಜಗಳದಲ್ಲಿ ಎರಡು ಎಕರೆಯವರು ಗೆಲ್ಲಲ್ಲ.

ಸಂತೆಯಲ್ಲಿ ಗಿರಾಕಿ ರುಚಿ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ತೋಟಕ್ಕೆ ಬರ್ತೀನಿ ಅಂತಾರೆ. ಗ್ರಾಹಕರಿಗೆ ನೇರವಾಗಿ ಮಾರುವ ಸಣ್ಣ ಬೆಳೆಗಾರರಿಗೆ 2017ರ ಸಾವಯವ ಆಹಾರ ನಿಯಮಗಳಲ್ಲಿ ಪ್ರಮಾಣಪತ್ರದಿಂದ ವಿನಾಯಿತಿಯೂ ಇದೆ. 'ಜೈವಿಕ್ ಭಾರತ್' ಲೋಗೋ ಮಾತ್ರ ಹಾಕುವಂತಿಲ್ಲ. ಮುಂದೆ ದೂರದವರಿಗೆ ಮಾರುವಾಗ ಪ್ರಮಾಣಪತ್ರ ಬೇಕಾಗಬಹುದು. ಅಕ್ಕಪಕ್ಕದ ಕನಿಷ್ಠ 5 ರೈತರು ಸೇರಿ ಪಿಜಿಎಸ್ ಗುಂಪು ಮಾಡಿಕೊಂಡರೆ ಖರ್ಚು ಕಡಿಮೆ.

ವೆಬ್‌ಸೈಟ್‌ಗೆ ಅಂತ ಸಾಲ ಮಾಡಬೇಡಿ. ಮೊದಲು ವಾರದ ಸಂತೆಯಲ್ಲೋ, ಅನುಮತಿ ಕೇಳಿ ಅಪಾರ್ಟ್‌ಮೆಂಟ್ ಗೇಟಿನ ಹತ್ತಿರವೋ ಒಂದು ಟೇಬಲ್ ಹಾಕಿ. ಕ್ಯೂಆರ್ ಕೋಡ್ ಇಡಿ. ಎರಡನೇ ಸಲ ಬಂದವರ ನಂಬರ್ ಕೇಳಿ ಬರೆದುಕೊಳ್ಳಿ. ಎರಡು ಮೂರು ತಿಂಗಳಾದ ಮೇಲೆ ಅದೇ ಜನಕ್ಕೆ ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಮಾಡಿ, ಅದಕ್ಕೆ ದುಡ್ಡಿಲ್ಲ. ಸೊಪ್ಪು, ತರಕಾರಿ, ಹಣ್ಣು ಟೇಬಲ್ ಮೇಲೇ ಇರಲಿ. ರಾಗಿ, ಅರಿಶಿನ, ಮೆಣಸು, ಬೆಲ್ಲ ಕೊರಿಯರ್‌ಗೆ ಹೋಗಲಿ. ಪುಡಿ, ಚಿಪ್ಸ್, ಜಾಮ್ ಮಾಡಿ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮರೆಯಬೇಡಿ.

ಎರಡೂ ಕಡೆಯ ಖರ್ಚನ್ನು ಬೇರೆ ಬೇರೆ ಪುಟದಲ್ಲಿ ಬರೆಯಿರಿ. ರಾತ್ರಿ ಕೂತು ಪ್ಯಾಕ್ ಮಾಡಿದ ನಿಮ್ಮ, ಮನೆಯವರ ಕೂಲಿಯನ್ನೂ ಸೇರಿಸಿ. ಅದನ್ನು ಕಳೆದ ಮೇಲೆ ಎಷ್ಟು ಉಳಿಯುತ್ತೋ ಅದೇ ನಿಮ್ಮ ಲಾಭ.