ವಿಮಾನ ಪುನಃ ಮೇಲೇರಿದರೆ ಬೈಯಬೇಡಿ

ಮಳೆಗಾಲ ಶುರುವಾದರೆ ಸಾಕು, ಬಜ್ಪೆ ವಿಮಾನ ನಿಲ್ದಾಣದಲ್ಲಿ ಕಾಯುವವರ ಬಾಯಲ್ಲಿ ಒಂದೇ ದೂರು: 'ಇಳಿಯಲು ಬಂದ ವಿಮಾನ ಪುನಃ ಮೇಲೆ ಹೋಯ್ತಂತೆ, ಇನ್ನು ಬೆಂಗಳೂರೋ ಕೊಚ್ಚಿಯೋ ಗೊತ್ತಿಲ್ಲ.' ಗಲ್ಫ್‌ನಿಂದ ಮಗ ಬರುವಾಗ ಮನೆಯವರಿಗೆ ತಳಮಳ ಆಗುವುದು ಸಹಜ. ಆದರೆ ಪೈಲಟ್‌ಗೆ ಬೈಯುವ ಮೊದಲು ನಾವು 2010ರ ಮೇ 22ನ್ನು ನೆನಪಿಸಿಕೊಳ್ಳಬೇಕು.

ಅಂದು ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಹೋದರು. ಬದುಕುಳಿದವರು ಎಂಟೇ ಜನ. ಮಂಗಳೂರು, ಕಾಸರಗೋಡು ಕಡೆಯ ಎಷ್ಟೋ ಮನೆಗಳಲ್ಲಿ ಆ ಗಾಯ ಇನ್ನೂ ಆರಿಲ್ಲ. ಆದರೆ ಅಂದು ಬಿರುಗಾಳಿ ಇರಲಿಲ್ಲ. ಗಾಳಿ ಶಾಂತವಾಗಿದೆ ಎಂದೇ ಕಂಟ್ರೋಲ್ ಟವರ್ ಹೇಳಿತ್ತು.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖೆಯಲ್ಲಿ ಹೊರಬಂದ ಸಂಗತಿಗಳನ್ನು ನೋಡಿ. ಮಂಗಳೂರಿನ ರೇಡಾರ್ ಮೇ 20ರಿಂದಲೇ ಕೆಟ್ಟಿತ್ತು. ಹಾಗಾಗಿ ಕೆಳಗಿಳಿಯಲು ಶುರು ಮಾಡುವ ಅನುಮತಿ ಸಿಕ್ಕಿದ್ದೇ ವಿಮಾನ ಎಂದಿಗಿಂತ ಹತ್ತಿರ ಬಂದ ಮೇಲೆ. ಹಾರಾಟದಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ರನ್‌ವೇ ಹತ್ತಿರ ಬಂದಾಗ ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. ಸಹ ಪೈಲಟ್ 'ಗೋ ಅರೌಂಡ್' ಅಂದರು. ಅಂದರೆ ಇಳಿಸುವುದು ಬೇಡ, ಮೇಲೇರಿ ಇನ್ನೊಂದು ಸುತ್ತು ಬರೋಣ ಎಂದು. ಒಮ್ಮೆಯಲ್ಲ, ಮೂರು ಸಲ. ವಿಮಾನದ ಯಂತ್ರವೂ ಎಚ್ಚರಿಸುತ್ತಲೇ ಇತ್ತು.

ಇದರ ನಡುವೆ ಟವರ್ ಒಂದು ಪ್ರಶ್ನೆ ಕೇಳಿತು: ಇಳಿಯುವ ಸರಿಯಾದ ದಾರಿ ಹಿಡಿದಿದ್ದೀರಾ? ಕ್ಯಾಪ್ಟನ್ ಒತ್ತಾಯದಿಂದ 'ಹೌದು' ಎಂಬ ಉತ್ತರ ಹೋಯಿತು. ಟವರ್ ಇಳಿಯಲು ಅನುಮತಿ ಕೊಟ್ಟಿತು. ಸುಮಾರು 8,000 ಅಡಿಯ ರನ್‌ವೇಯಲ್ಲಿ ವಿಮಾನ ನೆಲ ಹಿಡಿದದ್ದು 5,200 ಅಡಿ ಕಳೆದ ಮೇಲೆ.

ಟವರ್‌ನಲ್ಲಿ ಕೂತವರಿಗೆ ಕಾಕ್‌ಪಿಟ್‌ನ ಒಳಗಿನ ಜಗಳ ಕೇಳುವುದಿಲ್ಲ. ರೇಡಿಯೋದಲ್ಲಿ ಬಂದದ್ದಷ್ಟೇ ಅವರಿಗೆ ಗೊತ್ತು. ಅವರು ಕೊಡುವ ಅನುಮತಿ ಇಳಿಯಲೇಬೇಕೆಂಬ ಹುಕುಂ ಅಲ್ಲ. ಅಪಾಯ ಕಂಡರೆ ಪೈಲಟ್ ಮೊದಲು ಮೇಲೇರಿಸಬಹುದು, ಆಮೇಲೆ ಹೇಳಬಹುದು. ಸಹ ಪೈಲಟ್‌ನ ಆ ಎರಡು ಶಬ್ದ ರೇಡಿಯೋದಲ್ಲೂ ಹೋಗಿದ್ದರೆ, ಟವರ್‌ಗೂ ವಿಷಯ ಗೊತ್ತಾಗುತ್ತಿತ್ತು. ಹಿರಿಯರ ಎದುರು ಕಿರಿಯರ ಮಾತು ಒಳಗೇ ಉಳಿಯಿತು.

ಇದು ಮಂಗಳೂರಿನ ಕಥೆ ಮಾತ್ರ ಅಲ್ಲ. 1990ರ ಜನವರಿ 25ರ ರಾತ್ರಿ ಕೊಲಂಬಿಯಾದ ಅವಿಯಾಂಕ ವಿಮಾನ ನ್ಯೂಯಾರ್ಕ್‌ಗೆ ಹೋಗುವ ದಾರಿಯಲ್ಲಿ ಒಟ್ಟು ಒಂದು ಗಂಟೆಗೂ ಹೆಚ್ಚು ಹೊತ್ತು ಸುತ್ತುತ್ತಾ ಕಾಯಿತು. ಎಮರ್ಜೆನ್ಸಿ ಎಂದು ತಿಳಿಸಲು ಕ್ಯಾಪ್ಟನ್ ಸಹ ಪೈಲಟ್‌ಗೆ ಹೇಳಿದರು. ರೇಡಿಯೋದಲ್ಲಿ ಹೋದದ್ದು 'ಇಂಧನ ಮುಗಿಯುತ್ತಿದೆ' ಎಂಬ ಮಾತು. 'ಎಮರ್ಜೆನ್ಸಿ' ಎಂಬ ಶಬ್ದ ಹೋಗಲೇ ಇಲ್ಲ. ಗಂಡಾಂತರ ಎಷ್ಟೆಂದು ಕೆಳಗಿದ್ದವರಿಗೆ ತಿಳಿಯಲಿಲ್ಲ. ಇಂಧನ ಮುಗಿದು ವಿಮಾನ ಬಿತ್ತು, 73 ಮಂದಿ ಸತ್ತರು.

ಹಾಗಾಗಿ ಇಳಿಯದೆ ಮೇಲೇರುವುದು ಪೈಲಟ್‌ನ ಸೋಲಲ್ಲ, ಅದು ಅವರ ಕೆಲಸದ್ದೇ ಒಂದು ಭಾಗ. ಎರಡು ಗಂಟೆ ತಡವಾದರೆ ಮನೆಯಲ್ಲಿ ಊಟ ತಣಿಯಬಹುದು, ಮದುವೆಯ ನಿಖಾಹ್‌ಗೆ ವರನ ಅಣ್ಣ ತಲುಪದೆ ಇರಬಹುದು. ಅದನ್ನು ಸಹಿಸಿಕೊಳ್ಳಬಹುದು.

ಆದರೆ ತಾಳ್ಮೆ ಪ್ರಯಾಣಿಕರಿಗೆ ಮಾತ್ರ ಸಾಲದು. ನಮ್ಮದು ಗುಡ್ಡದ ಮೇಲಿನ ರನ್‌ವೇ, ತಪ್ಪಿದರೆ ಆಚೆ ಕಣಿವೆ. ವಾಪಸ್ ಮೇಲೇರಿದ ಪೈಲಟ್‌ನನ್ನು ಇಂಧನದ ಖರ್ಚು ತೋರಿಸಿ ಕಂಪೆನಿಗಳು ಪೀಡಿಸಬಾರದು. ಕಿರಿಯ ಪೈಲಟ್ 'ಬೇಡ' ಅಂದರೆ ಕ್ಯಾಪ್ಟನ್ ಕೇಳಲೇಬೇಕು, ಕೇಳದಿದ್ದರೆ ಅದೇ ಮಾತನ್ನು ಟವರ್‌ಗೆ ಹೇಳಲು ಅವರಿಗೆ ಹೆದರಿಕೆ ಇರಬಾರದು. ರೇಡಾರ್ ಕೆಟ್ಟರೆ ಅಂದೇ ಸರಿಯಾಗಬೇಕು. ಗಲ್ಫ್ ಟಿಕೆಟ್‌ಗೆ ನಮ್ಮವರು ಕೊಡುವ ದುಡ್ಡಿನಲ್ಲಿ ಇಷ್ಟು ಕೇಳುವ ಹಕ್ಕು ನಮಗಿದೆ.