ಹೆಪ್ಪುಗಟ್ಟಿದ ಬಟಾಟೆ: ತಂಪಿನ ಸರಪಳಿ ಎಲ್ಲಿ ತುಂಡಾಗುತ್ತದೆ?

ಒಂದು ಕಾಲಕ್ಕೆ ದೊಡ್ಡ ನಗರಗಳಲ್ಲಿ ಮಾತ್ರ ಕಾಣಸಿಗುತ್ತಿದ್ದ ಫ್ರೆಂಚ್ ಫ್ರೈಸ್, ಆಲೂ ಟಿಕ್ಕಿ, ನಗುಮುಖದ ‘ಸ್ಮೈಲಿ’ಗಳ ಪೊಟ್ಟಣಗಳು ಈಗ ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ತಾಲ್ಲೂಕು ಊರುಗಳ ಅಂಗಡಿಗಳಿಗೂ ಬಂದಿವೆ. ಐಸ್‌ಕ್ರೀಮ್ ಇಡುವ ಪೆಟ್ಟಿಗೆಯಲ್ಲೇ ಇವಕ್ಕೂ ಜಾಗ. ‘ಮಕ್ಕಳು ಹಟ ಮಾಡತಾವ, ಕೊಡಬಹುದೇನ್ರಿ ಡಾಕ್ಟ್ರೇ?’ ಎಂದು ದವಾಖಾನೆಗೆ ಬರುವ ತಾಯಂದಿರು ಕೇಳುತ್ತಾರೆ. ಕಾರ್ಖಾನೆಯಿಂದ ಹೊರಬೀಳುವಾಗ ಈ ಪೊಟ್ಟಣ ವಿಷವೇನೂ ಅಲ್ಲ. ಚಿಂತೆ ಇರುವುದು ಅದು ನಮ್ಮ ಮನೆ ತಲುಪುವ ಕೊನೆಯ ಕೆಲವು ಮೈಲಿಗಳಲ್ಲಿ, ಆಮೇಲೆ ನಮ್ಮ ಬಾಣಲೆಯಲ್ಲಿ.

ಬಟಾಟೆಯ ಪ್ರಯಾಣ

ಬೆಳಗಾವಿ ಸೀಮೆಯಲ್ಲಿ ಬಟಾಟೆ ಬೆಳೆಯುತ್ತದೆ. ಆದರೆ ಮಳೆಗಾಲದ ಬೆಳೆಯಲ್ಲಿ ಸಾಮಾನ್ಯವಾಗಿ ನೀರಿನಂಶ ಹೆಚ್ಚು. ಫ್ರೈಸ್ ಮಾಡಲು ಘನಾಂಶ ಹೆಚ್ಚಿರುವ, ಸಕ್ಕರೆ ಅಂಶ ಕಡಿಮೆ ಇರುವ ತಳಿ ಬೇಕು. ಗುಜರಾತಿನ ಚಳಿಗಾಲದ ಬೆಳೆ ಇದಕ್ಕೆ ಹೊಂದುತ್ತದೆ. 1957ರಲ್ಲಿ ಕೆನಡಾದಲ್ಲಿ ಆರಂಭವಾದ ಮೆಕೇನ್ ಕಂಪನಿ ಭಾರತದಲ್ಲಿ ಕಾರ್ಖಾನೆ ಹಾಕಿದ್ದೂ ಗುಜರಾತಿನ ಮೆಹಸಾಣಾ ಜಿಲ್ಲೆಯಲ್ಲೇ. ಅಲ್ಲಿ ಬಟಾಟೆಯನ್ನು ತೊಳೆದು, ಸಿಪ್ಪೆ ಸುಲಿದು, ಹೆಚ್ಚಿ, ಬಿಸಿನೀರಿನಲ್ಲಿ ಹಾಯಿಸಿ, ಎಣ್ಣೆಯಲ್ಲಿ ಅರೆಬರೆ ಕರಿದು, ವೇಗವಾಗಿ ಹೆಪ್ಪುಗಟ್ಟಿಸುತ್ತಾರೆ. ಅಂದರೆ ನೀವು ಕೊಳ್ಳುವಾಗಲೇ ಅದು ಒಮ್ಮೆ ಕರಿದ ಪದಾರ್ಥ.

ಅಲ್ಲಿಂದ ಮುಂದೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ತಂಪು ಎಲ್ಲಿಯೂ ತಪ್ಪಬಾರದು. ಅಹಮದಾಬಾದ್, ಮುಂಬೈ, ಪುಣೆ, ಕೊಲ್ಲಾಪುರ ದಾಟಿ ರಾಷ್ಟ್ರೀಯ ಹೆದ್ದಾರಿ 48 ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರಕ್ಕೆ ಬರುವಷ್ಟರಲ್ಲಿ ಸಾವಿರ ಕಿಲೋಮೀಟರಿನಷ್ಟು ದಾರಿ ಸವೆದಿರುತ್ತದೆ. ಶೈತ್ಯ ಲಾರಿಯಲ್ಲಿ ಬಂದರೆ ಈ ದೂರ ದೊಡ್ಡ ತೊಂದರೆಯಲ್ಲ. ಸರಪಳಿಯ ದುರ್ಬಲ ಕೊಂಡಿ ಅದರ ನಂತರದ್ದು: ದೊಡ್ಡ ಊರಿನ ಗೋದಾಮಿನಿಂದ ಚಿಕ್ಕ ಗಾಡಿಯಲ್ಲಿ, ಬಿಸಿಲಿನಲ್ಲಿ, ಅಂಗಡಿಯಿಂದ ಅಂಗಡಿಗೆ ನಡೆಯುವ ಸಾಗಣೆ, ವಿದ್ಯುತ್ ಕಡಿತ, ಬಿಲ್ ಉಳಿಸಲು ರಾತ್ರಿ ಫ್ರೀಜರ್ ಬಂದ್ ಮಾಡುವ ಚಾಳಿ.

ನಮ್ಮ ಗೋಕಾಕದ ಕರದಂಟಿಗೆ ಫ್ರಿಜ್ ಬೇಕಿಲ್ಲ. ಬೆಲ್ಲದ ಪಾಕ ಮತ್ತು ಕಡಿಮೆ ನೀರಿನಂಶವೇ ಅದನ್ನು ಕಾಯುತ್ತವೆ. ಹೆಪ್ಪುಗಟ್ಟಿದ ಬಟಾಟೆಗೆ ಇರುವ ರಕ್ಷಣೆ ತಂಪು ಒಂದೇ. ತಂಪು ರೋಗಾಣುಗಳನ್ನೆಲ್ಲ ಕೊಲ್ಲುವುದಿಲ್ಲ, ಬರೇ ನಿದ್ರೆ ಮಾಡಿಸುತ್ತದೆ. ಕರಗಿದಾಗ ಅವು ಎದ್ದು ಬೆಳೆಯುತ್ತವೆ. ಬೆಂದ ಪಿಷ್ಟ ಪದಾರ್ಥದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ವಾಂತಿ ತರಿಸುವ ವಿಷವನ್ನು ಉತ್ಪತ್ತಿ ಮಾಡಬಲ್ಲದು. ಆ ವಿಷ ಬಿಸಿಗೆ ಸುಲಭವಾಗಿ ನಾಶವಾಗದು. ಆದ್ದರಿಂದ ‘ಹೇಗೂ ಕರಿಯುತ್ತೇವಲ್ಲ’ ಎಂಬ ಧೈರ್ಯ ಸರಿಯಲ್ಲ.

ನಷ್ಟ ಯಾರಿಗೆ?

ಅಂಗಡಿಕಾರರನ್ನು ಬೈದರೆ ಸಮಸ್ಯೆ ಬಗೆಹರಿಯದು. ಕರಗಿದ ಪೊಟ್ಟಣದ ನಷ್ಟ ಚಿಕ್ಕ ವ್ಯಾಪಾರಿಯ ತಲೆಗೇ ಬೀಳುವುದಾದರೆ ಅವನು ಅದನ್ನು ಎಸೆಯುವುದಿಲ್ಲ, ಮತ್ತೆ ಹೆಪ್ಪುಗಟ್ಟಿಸಿ ಮಾರುತ್ತಾನೆ. ಲಾಭದಲ್ಲಿ ದೊಡ್ಡ ಪಾಲು ಪಡೆಯುವ ಕಂಪನಿ ಮತ್ತು ವಿತರಕರು ಕರಗಿದ ಮಾಲನ್ನು ತಕರಾರಿಲ್ಲದೆ ವಾಪಸು ತೆಗೆದುಕೊಳ್ಳಬೇಕು. ಪ್ರತಿ ಫ್ರೀಜರಿನ ಮೇಲೆ ಗಿರಾಕಿಗೆ ಕಾಣುವಂತೆ ಉಷ್ಣಮಾಪಕ ಇರಬೇಕು. ಆಹಾರ ಸುರಕ್ಷತಾ ಅಧಿಕಾರಿಗಳು ದೊಡ್ಡ ಊರಿನ ಹೋಟೆಲುಗಳಷ್ಟೇ ಅಲ್ಲ, ತಾಲ್ಲೂಕಿನ ಫ್ರೀಜರುಗಳನ್ನೂ ತೆರೆದು ನೋಡಬೇಕು. 1969ರಲ್ಲೇ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡ ಹುಕ್ಕೇರಿಯ ಜನರಿಗೆ ಕೂಡಿ ಕೆಲಸ ಮಾಡುವ ಪಾಠ ಹೊಸದಲ್ಲ. ವ್ಯಾಪಾರಿಗಳು ಒಟ್ಟಾಗಿ ಕೇಳಿದರೆ ಕಂಪನಿಗಳು ಕಿವಿಗೊಡಲೇಬೇಕು.

ಕೊಳ್ಳುವಾಗ, ಇಡುವಾಗ

ಪೊಟ್ಟಣವನ್ನು ಅಲುಗಾಡಿಸಿ ನೋಡಿ. ತುಂಡುಗಳು ಬಿಡಿಬಿಡಿಯಾಗಿ ಸದ್ದು ಮಾಡಬೇಕು. ಒಂದೇ ಗಡ್ಡೆಯಾಗಿದ್ದರೆ, ಒಳಗೆ ದಪ್ಪ ಹಿಮ ಕಟ್ಟಿದ್ದರೆ ಅದು ಕರಗಿ ಮತ್ತೆ ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು, ಕೊಳ್ಳಬೇಡಿ. ಸಂತೆ ಮುಗಿದ ಮೇಲೆ, ಕೊನೆಯಲ್ಲಿ ಇದನ್ನು ಕೊಂಡು ನೇರ ಮನೆಗೆ ಹೋಗಿ. ಕರೆಂಟ್ ಹೋದಾಗ ಫ್ರೀಜರ್ ಬಾಗಿಲು ತೆಗೆಯಬೇಡಿ. ತುಂಬಿದ ಡೀಪ್ ಫ್ರೀಜರ್ ಮುಚ್ಚಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ತಂಪು ಹಿಡಿಯುತ್ತದೆ. ಮನೆಯ ಫ್ರಿಜ್ಜಿನ ಚಿಕ್ಕ ಖಾನೆಗೆ ಇಷ್ಟು ತಾಳಿಕೆ ಇಲ್ಲ. ಪೂರ್ತಿ ಕರಗಿ ಎರಡು ಗಂಟೆಗಿಂತ ಹೆಚ್ಚು ಹೊರಗಿನ ಬಿಸಿಯಲ್ಲಿದ್ದುದನ್ನು ಎಸೆದುಬಿಡಿ.

ಬಾಣಲೆಯ ಮಾತು

100 ಗ್ರಾಂ ಬೇಯಿಸಿದ ಬಟಾಟೆಯಿಂದ 90 ಕ್ಯಾಲರಿಯೊಳಗೆ ಶಕ್ತಿ ಸಿಕ್ಕರೆ, ಅಷ್ಟೇ ತೂಕದ ಫ್ರೈಸ್‌ನಿಂದ ಸುಮಾರು 300 ಕ್ಯಾಲರಿ ಸಿಗುತ್ತದೆ. ಮೇಲೆ ಉಪ್ಪು ಬೇರೆ. 2025ರ ಆಗಸ್ಟ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಮೆರಿಕದ ದೀರ್ಘ ಅಧ್ಯಯನದಲ್ಲಿ, ವಾರಕ್ಕೆ ಮೂರು ಸಲದಂತೆ ಫ್ರೈಸ್ ತಿನ್ನುವುದಕ್ಕೂ ಮಧುಮೇಹದ ಅಪಾಯ ಶೇ. 20ರಷ್ಟು ಹೆಚ್ಚುವುದಕ್ಕೂ ನಂಟು ಕಂಡುಬಂದಿದೆ. ಬೇಯಿಸಿದ, ಸುಟ್ಟ ಬಟಾಟೆಯಲ್ಲಿ ಅಂಥ ಗಣನೀಯ ನಂಟು ಕಾಣಲಿಲ್ಲ. ಅಂದಮೇಲೆ ಗಡ್ಡೆಗಿಂತ ಅದನ್ನು ಕರಿಯುವ ಬಗೆಯ ಕಡೆಗೇ ನಾವು ಗಮನ ಕೊಡಬೇಕು.

ಕಡು ಕಂದು ಬಣ್ಣ ಬರುವವರೆಗೆ ಕರಿದಾಗ ಅಕ್ರಿಲಮೈಡ್ ಎಂಬ ರಾಸಾಯನಿಕ ಹೆಚ್ಚಾಗುತ್ತದೆ. ಪ್ರಾಣಿಗಳಲ್ಲಿ ಇದು ಕ್ಯಾನ್ಸರ್ ತರುವುದು ಕಂಡಿದೆ. ಆಹಾರದ ಮೂಲಕ ಮನುಷ್ಯರಲ್ಲಿ ತರುವುದು ಖಚಿತವಾಗಿಲ್ಲ. ಹೊಂಬಣ್ಣಕ್ಕೆ ಬಂದೊಡನೆ ಇಳಿಸುವುದು ಜಾಣತನ. ನೊರೆಗಟ್ಟಿದ, ಕಪ್ಪಾದ, ಕಮಟು ವಾಸನೆಯ ಎಣ್ಣೆಯನ್ನು ಮತ್ತೆ ಒಲೆಗೆ ಏರಿಸಬೇಡಿ. ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದೆಂಬ ನಿಯಮವನ್ನು 2020ರಲ್ಲೇ ಮಾಡಲಾಗಿದೆ. ಪಾಲಕರ ಸಭೆಯಲ್ಲಿ ಇದನ್ನು ನೆನಪಿಸುವುದು ನಿಮ್ಮ ಹಕ್ಕು.

ಇಂಥ ತಿನಿಸು ತಿಂದ ಕೆಲವೇ ಗಂಟೆಗಳಲ್ಲಿ ಮಗುವಿಗೆ ವಾಂತಿ, ಭೇದಿ ಶುರುವಾದರೆ ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸಿ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆತನ್ನಿ.

ತಿಂಗಳಿಗೊಮ್ಮೆ, ಹುಟ್ಟುಹಬ್ಬಕ್ಕೊಮ್ಮೆ ಒಂದು ತಟ್ಟೆ ಫ್ರೈಸ್‌ಗೆ ನನ್ನ ಅಡ್ಡಿಯಿಲ್ಲ. ಉಳಿದ ದಿನ ಹಸಿರು ಬಣ್ಣ, ಮೊಳಕೆ ಇಲ್ಲದ ಒಳ್ಳೆಯ ಬಟಾಟೆಯ ಪಲ್ಯ ರೊಟ್ಟಿಯ ಜೊತೆಗಿರಲಿ. ಅದು ಅಗ್ಗ, ಹೊಟ್ಟೆಗೂ ಹಿತ, ಕರೆಂಟ್ ಹೋದರೂ ಕೆಡುವ ಭಯವಿಲ್ಲದೆ ಬುಟ್ಟಿಯಲ್ಲಿ ಕಾದಿರುತ್ತದೆ.